13 ವರ್ಷ ಬಳಸಿದ ಹಾರ್ನ್‌ಬುಕ್: ‘ಪ್ರಾಸರ್ ಅಂಡ್ ಕೀಟನ್ ಆನ್ ಟಾರ್ಟ್ಸ್’

ಅಮೆರಿಕದಲ್ಲಿ ಕಾನೂನು ಓದಲು ಹೋದ ಮೊದಲ ವರ್ಷ ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡ, ಟಾರ್ಟ್ ಕಾನೂನನ್ನು (ಒಬ್ಬರ ತಪ್ಪಿನಿಂದ ಇನ್ನೊಬ್ಬರಿಗಾದ ಹಾನಿಗೆ ಪರಿಹಾರ ಕೊಡಿಸುವ ಸಿವಿಲ್ ಕಾನೂನು) ಕುರಿತ ಈ ಗ್ರಂಥದ 5ನೆಯ ಆವೃತ್ತಿ (1984) ಅಂದಿನಿಂದಲೂ ನನ್ನ ಮೇಜಿನ ಮೇಲಿದೆ. ಕಾನೂನಿನ ಒಂದು ವಿಷಯವನ್ನು ವಿದ್ಯಾರ್ಥಿಗಳಿಗೆ ವಿವರಿಸುವ ಇಂಥ ಪುಸ್ತಕಗಳನ್ನು ಅಲ್ಲಿ ಹಾರ್ನ್‌ಬುಕ್ ಎನ್ನುತ್ತಾರೆ. ಹೆಸರು ಬಂದದ್ದು ಇಂಗ್ಲೆಂಡಿನ ಮಕ್ಕಳ ಅಕ್ಷರದ ಹಲಗೆಯಿಂದ: ಹಿಡಿಯಿರುವ ಪುಟ್ಟ ಮರದ ಹಲಗೆಯ ಮೇಲೆ ಅಕ್ಷರಮಾಲೆಯೂ ಕ್ರೈಸ್ತರ ಪ್ರಾರ್ಥನೆಯೂ ಇರುವ ಒಂದೇ ಹಾಳೆಯನ್ನಿಟ್ಟು, ಅದು ಮಕ್ಕಳ ಕೈಯಲ್ಲಿ ಹರಿಯದಿರಲೆಂದು, ಅಕ್ಷರ ಕಾಣುವಷ್ಟು ತೆಳುವಾಗಿ ಸೀಳಿದ ಕೊಂಬಿನ ಪದರವನ್ನು ಹೊದಿಸುತ್ತಿದ್ದರು. ಆ ಹೆಸರನ್ನು 1,200ಕ್ಕೂ ಹೆಚ್ಚು ಪುಟಗಳ ಗ್ರಂಥವೊಂದು ಹೊತ್ತಿರುವುದು ಅದೂ ಮೊದಲ ಪಾಠದ ಪುಸ್ತಕವೆಂಬ ಕಾರಣಕ್ಕೆ.

ಅಲ್ಲಿನ ತರಗತಿಗಳಲ್ಲಿ ಸೂತ್ರವನ್ನು ಯಾರೂ ಹೇಳಿಕೊಡುವುದಿಲ್ಲ. ತೀರ್ಪನ್ನು ಓದಿಕೊಂಡು ಬಂದ ವಿದ್ಯಾರ್ಥಿಯನ್ನೇ ಪ್ರಶ್ನಿಸುತ್ತಾ ಹೋಗುತ್ತಾರೆ. 1928ರ ಪಾಲ್ಸ್‌ಗ್ರಾಫ್ ಪ್ರಕರಣವನ್ನೇ ನೋಡಿ. ಹೊರಟ ರೈಲನ್ನು ಹತ್ತುತ್ತಿದ್ದವನಿಗೆ ರೈಲ್ವೆ ನೌಕರರು ನೆರವಾಗುವಾಗ ಅವನ ಕೈಯ ಪೊಟ್ಟಣ ಬಿದ್ದು, ಒಳಗಿದ್ದ ಪಟಾಕಿ ಸಿಡಿದು, ಪ್ಲಾಟ್‌ಫಾರ್ಮಿನ ಇನ್ನೊಂದು ಕಡೆ ತಕ್ಕಡಿ ಉರುಳಿ ಮಹಿಳೆಯೊಬ್ಬರಿಗೆ ಗಾಯವಾಯಿತು. ಆಕೆಗೆ ಹಾನಿಯಾದೀತೆಂದು ಮುಂಗಾಣಲಾಗದ್ದರಿಂದ ರೈಲ್ವೆ ಕಂಪನಿ ಪರಿಹಾರ ಕೊಡಬೇಕಾಗಿಲ್ಲವೆಂದು ನ್ಯಾಯಮೂರ್ತಿ ಕಾರ್ಡೋಜೊ ಬಹುಮತದ ತೀರ್ಪು ಬರೆದರೆ, ಎಚ್ಚರಿಕೆಯ ಹೊಣೆ ಎಲ್ಲರ ವಿಷಯದಲ್ಲೂ ಇರುತ್ತದೆಂದು ನ್ಯಾಯಮೂರ್ತಿ ಆಂಡ್ರ್ಯೂಸ್ ಭಿನ್ನಮತ ಬರೆದರು. ನಾನು ತೀರ್ಪಿಗಿಂತ ಮೊದಲೇ ಹಾರ್ನ್‌ಬುಕ್ಕಿನ 43ನೆಯ ಸೆಕ್ಷನ್ ಓದಿಕೊಂಡು ಹೋಗಿದ್ದೆ. ಸೂತ್ರ ಬಾಯಿಗೆ ಬಂದಿತ್ತು, ಆದರೆ ಸಂಗತಿಗಳನ್ನು ಕೊಂಚ ಬದಲಿಸಿ ಕೇಳಿದೊಡನೆ ಉತ್ತರ ತೋಚಲಿಲ್ಲ. ಮರುದಿನದಿಂದ ಮೊದಲು ತೀರ್ಪು, ಆಮೇಲೆ ಹಾರ್ನ್‌ಬುಕ್ ಎಂಬ ಕ್ರಮ ಹಿಡಿದೆ. ಆಗಲೇ ಈ ಪುಸ್ತಕದ ನಿಜವಾದ ಬೆಲೆ ತಿಳಿದದ್ದು: ಮುಂಗಾಣಲಾಗದ ಹಾನಿಗೆ ಹೊಣೆ ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ಇದು ಒಂದು ಉತ್ತರ ಕೊಟ್ಟು ಮುಗಿಸದೆ, ಎರಡೂ ನಿಲುವುಗಳನ್ನು ಬೇರೆ ಬೇರೆ ಪ್ರಕರಣಗಳಿಗೆ ಹಚ್ಚಿ ಎಲ್ಲಿ ಯಾವುದು ಸೋಲುತ್ತದೆಂದು ತೋರಿಸುತ್ತದೆ.

ವಿಲಿಯಂ ಪ್ರಾಸರ್ ಇದರ ಮೊದಲ ಆವೃತ್ತಿಯನ್ನು ತಂದದ್ದು 1941ರಲ್ಲಿ. ಅವರ ಗದ್ಯ ಎಷ್ಟು ತಿಳಿಯೋ ಅಡಿಟಿಪ್ಪಣಿಗಳು ಅಷ್ಟೇ ದಟ್ಟ. ಮೊದಲ ಓದಿನಲ್ಲಿ ಅವನ್ನು ಬಿಟ್ಟುಬಿಡುವುದೇ ಲೇಸು.

ಮೈಸೂರಿಗೆ ಮರಳಿ ವಕೀಲಿಕೆ ಹಿಡಿದ ಮೇಲೂ ಪುಸ್ತಕ ಮೂಲೆಗೆ ಸೇರಲಿಲ್ಲ. ನಮ್ಮಲ್ಲಿ ಟಾರ್ಟ್ ಕಾನೂನು ಬಹುಮಟ್ಟಿಗೆ ಸಂಹಿತೆಯಾಗದೆ ತೀರ್ಪುಗಳಲ್ಲೇ ಬೆಳೆದಿರುವುದರಿಂದ ಕಾರಣಗಳ ತಿಳಿವಳಿಕೆಯೇ ಆಸರೆ. ಓಲಿಯಂ ಅನಿಲ ಸೋರಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ರೈಲ್ಯಾಂಡ್ಸ್ ನಿಯಮದ (ಅಪಾಯಕಾರಿ ವಸ್ತು ತನ್ನ ನೆಲದಿಂದ ಹೊರಬಿದ್ದು ಹಾನಿಮಾಡಿದರೆ, ತಪ್ಪಿಲ್ಲದಿದ್ದರೂ ಅದನ್ನಿಟ್ಟುಕೊಂಡವನೇ ಹೊಣೆ ಎನ್ನುವ ಇಂಗ್ಲೆಂಡಿನ ನಿಯಮ) ವಿನಾಯಿತಿಗಳನ್ನು ಒಪ್ಪದೆ ಪೂರ್ಣ ಹೊಣೆಯ ತತ್ವವನ್ನು ಸ್ಥಾಪಿಸಿತಲ್ಲ, ಆ ಹೆಜ್ಜೆ ಎಷ್ಟು ದೊಡ್ಡದೆಂದು ನನಗೆ ಮನದಟ್ಟಾದದ್ದು ಅದೇ ನಿಯಮವನ್ನು ಅಮೆರಿಕದ ರಾಜ್ಯಗಳು ಒಪ್ಪಿದ, ತಳ್ಳಿದ ಬಗೆಯನ್ನು ಈ ಪುಸ್ತಕದಲ್ಲಿ ಓದಿದಾಗ.

ಇದರ ದೊಡ್ಡ ಕೊರತೆ ವಯಸ್ಸು. 1988ರ ಪುರವಣಿಯಾಚೆ ಇದು ಬೆಳೆದಿಲ್ಲ. ಉತ್ಪನ್ನಗಳ ದೋಷಕ್ಕೆ ತಯಾರಕರ ಹೊಣೆ, ವಾದಿಯ ತಪ್ಪಿಗೆ ತಕ್ಕಂತೆ ಪರಿಹಾರ ಕಡಿಮೆಮಾಡುವುದು ಮುಂತಾದ ವಿಷಯಗಳಲ್ಲಿ ಇದನ್ನೇ ಇಂದಿನ ಕಾನೂನೆಂದು ನಂಬಬಾರದು. ಪರೀಕ್ಷೆಯೊಂದರಲ್ಲಿ ಹಾಗೆ ನಂಬಿ ನಾನು ಅಂಕ ಕಳೆದುಕೊಂಡಿದ್ದೇನೆ. ಸದ್ಯದ ಸ್ಥಿತಿ ಬೇಕಾದವರು ಈ ಆವೃತ್ತಿಯನ್ನು ಪರಿಷ್ಕರಿಸಿದವರಲ್ಲೊಬ್ಬರಾದ ಡಾನ್ ಡಾಬ್ಸ್ 2000ದಲ್ಲಿ ತಾವೇ ಬರೆದ ಗ್ರಂಥವನ್ನೂ ಅದರ ಮುಂದಿನ ಆವೃತ್ತಿಗಳನ್ನೂ ನೋಡುವುದು ಒಳ್ಳೆಯದು. ಹಳೆಯ ಪ್ರತಿ ಕೊಳ್ಳುವುದಾದರೆ 1988ರ ಪುರವಣಿ ಜೊತೆಗಿದೆಯೇ ಎಂದು ಕೇಳಿಯೇ ಹಣ ಕೊಡಿ. ನನ್ನ ಪ್ರತಿಯಲ್ಲಿ ಅದಿರಲಿಲ್ಲ.