ಮುಂದೆ ಬಾಗಿಲು, ಹಿಂದೆ ರೋಗ: ನಮ್ಮ ಮನೆಯ ಹನ್ನೊಂದು ವರ್ಷದ ವಾಷಿಂಗ್ ಮೆಷಿನ್

2014ರ ದೀಪಾವಳಿಗೆ ಕೊಂಡ 6 ಕೆ.ಜಿ. ಫ್ರಂಟ್ ಲೋಡ್ ಮೆಷಿನ್ ಇದು. ಕಂಪನಿ ಹೆಸರು ಬೇಡ. ನಾನು ಬೈಯಲು ಹೊರಟಿರುವ ವಿಷಯ ಒಂದೇ ಕಂಪನಿಯದ್ದಲ್ಲ. ಎಷ್ಟು ಪ್ರೋಗ್ರಾಂ, ಎಷ್ಟು ಆರ್‌ಪಿಎಂ ಅನ್ನೋದೆಲ್ಲ ಅಂಗಡಿಯ ಸ್ಟಿಕ್ಕರಿನಲ್ಲೇ ಇರುತ್ತದೆ. ನಾನು ಬಳಸಿದ್ದು ಎರಡೇ ಪ್ರೋಗ್ರಾಂ.

ನಮ್ಮದು ನಾಲ್ಕು ಜನರ ಮನೆ. ಬೆಂಗಳೂರಿನ ಬೋರ್‌ವೆಲ್ ನೀರು. ವಾರಕ್ಕೆ ಐದು ಲೋಡ್. ಅಮ್ಮನ ಮಡಿ ಸೀರೆ ಮಾತ್ರ ಮೆಷಿನ್ನಿಗೆ ಬರೋದಿಲ್ಲ, ಅದಕ್ಕೆ ಹಿತ್ತಲಿನ ಒಗೆಯೋ ಕಲ್ಲೇ ಆಗಬೇಕು.

ಮೊದಲು ಖುಷಿಯ ವಿಷಯ ಹೇಳಿಬಿಡುತ್ತೇನೆ. ಈ ಮೆಷಿನ್ನಿನ ಸೇವೆ ಮಾಡೋದು ನನಗೆ ಇಷ್ಟ. ಕೊನೆಯ ಲೋಡ್ ತೆಗೆದ ಮೇಲೆ ಹಳೆ ಬನಿಯನ್ನಿನ ತುಂಡು ಹಿಡಿದು ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂರುತ್ತೇನೆ. ಬಾಗಿಲ ಸುತ್ತ ಬೂದು ಬಣ್ಣದ ರಬ್ಬರ್ ಇದೆಯಲ್ಲ, ಅದರ ಕೆಳಗಿನ ಮಡಿಕೆ ಬಿಡಿಸಿದರೆ ಯಾವಾಗಲೂ ಅರ್ಧ ಲೋಟ ನೀರು ನಿಂತಿರುತ್ತದೆ. ಕೂದಲು, ನೂಲು, ಮಗನ ಜೇಬಿನ ಕಡಲೆಬೀಜದ ಸಿಪ್ಪೆ ಎಲ್ಲ ಅಲ್ಲೇ. ಒಂದು ವಾರ ಬಿಟ್ಟರೆ ಕಪ್ಪು ಚುಕ್ಕೆ ಶುರು, ಆಮೇಲೆ ಒಗೆದ ಬಟ್ಟೆಗೂ ಮುಗ್ಗಲು ವಾಸನೆ. ಹಾಗಾಗಿ ಬೆರಳಿಗೆ ಬಟ್ಟೆ ಸುತ್ತಿ ಒಂದು ಸುತ್ತು ಒರೆಸುತ್ತೇನೆ. ಸೋಪಿನ ಡಬ್ಬ ಕಿತ್ತು ಸಿಂಕಿನ ಮೇಲೆ ಬೋರಲು ಹಾಕುತ್ತೇನೆ. ಬಾಗಿಲು ಎರಡು ಬೆರಳಷ್ಟು ತೆರೆದೇ ಇರಬೇಕು. ಮನೆಯವರೆಲ್ಲ ಇದನ್ನು ಕಲಿತಿದ್ದಾರೆ, ನೆಂಟರು ಮಾತ್ರ ಬಂದು ಬಂದು ಮುಚ್ಚುತ್ತಾರೆ.

ಭಾನುವಾರ ಬೆಳಿಗ್ಗೆ ಫಿಲ್ಟರ್. ಬಲಗಡೆ ಕೆಳಗಿನ ಪುಟ್ಟ ಬಾಗಿಲು ತೆಗೆದು, ಅಗಲವಾದ ಹಳೆ ಊಟದ ತಟ್ಟೆ ತೂರಿಸಿ, ತಿರುಪನ್ನು ಕಾಲು ಸುತ್ತು ಮಾತ್ರ ಸಡಿಲಿಸಬೇಕು. ಪೂರ್ತಿ ಬಿಚ್ಚಿದಿರೋ, ನೆಲವೆಲ್ಲ ಕೆರೆ. ಮೊದಲು ನೀರು ಬರುತ್ತದೆ, ಆಮೇಲೆ ಬೂದು ಬಣ್ಣದ ಲೋಳೆ, ಕೊನೆಗೆ ಆ ವಾರದ ಆದಾಯ. ಹನ್ನೊಂದು ವರ್ಷದಲ್ಲಿ 212 ರೂಪಾಯಿ ಚಿಲ್ಲರೆ, ಲೆಕ್ಕವಿಲ್ಲದಷ್ಟು ಸೀರೆ ಪಿನ್ನು, ಒಂದು ಮೂಗುಬೊಟ್ಟಿನ ತಿರುಪು. ಚಿಲ್ಲರೆಗೆಂದೇ ಮೆಷಿನ್ನಿನ ಮೇಲೆ ಒಂದು ಗಾಜಿನ ಬಾಟಲಿ ಇದೆ. ಮನೆಯಲ್ಲಿ ಅದನ್ನು ಹುಂಡಿ ಅಂತಾರೆ.

2019ರಲ್ಲಿ ಒಂದು ದಿನ ಡ್ರಮ್ ಅರ್ಧಕ್ಕೇ ನಿಂತಿತು. ನೀರು ತುಂಬುತ್ತಿತ್ತು, ಖಾಲಿಯಾಗುತ್ತಿತ್ತು, ಡ್ರಮ್ ಮಾತ್ರ ತಿರುಗದು. ಸರ್ವಿಸ್‌ನಿಂದ ಬಂದವರು ಹಿಂಬದಿ ಬಿಚ್ಚಿ ಕೂಡ ನೋಡದೆ 'ಬೋರ್ಡ್ ಹೋಗಿದೆ, 7,800 ಆಗುತ್ತೆ' ಅಂದರು. ಬೋರ್ಡ್ ಅಂದರೆ ಮೆಷಿನ್ನನ್ನು ನಡೆಸುವ ಸರ್ಕ್ಯೂಟ್. ನನಗೆ ಅನುಮಾನ. ಅವರನ್ನು ಕಳಿಸಿ, ಪ್ಲಗ್ ಕಿತ್ತು, ಹಿಂದಿನ ತಗಡು ಬಿಚ್ಚಿದೆ. ಬೆಲ್ಟ್ ಸರಿಸಿ ಮೋಟಾರನ್ನು ಹೊರಗೆ ತೆಗೆದೆ. ಅದರ ಎರಡು ಪಕ್ಕದಲ್ಲಿ ಕಾರ್ಬನ್ ಬ್ರಶ್ ಇರುತ್ತವೆ. ಮೋಟಾರ್ ತಿರುಗುವಾಗ ಉಜ್ಜಿಕೊಂಡೇ ಅದರೊಳಗೆ ಕರೆಂಟ್ ಹರಿಸುವುದು ಅವುಗಳ ಕೆಲಸ, ಹಾಗಾಗಿ ಸವೆಯುತ್ತಲೇ ಇರುತ್ತವೆ. ನಮ್ಮದರಲ್ಲಿ ಸ್ಲೇಟಿನ ಬಳಪದ ಕೊನೆಯ ಚೂರಿನಷ್ಟು ಉಳಿದಿತ್ತು. ಎಸ್.ಪಿ. ರೋಡಿನ ಬಿಡಿಭಾಗದ ಅಂಗಡಿಯಲ್ಲಿ ಜೋಡಿಗೆ 350 ರೂಪಾಯಿ. ಹಾಕಿದ ಮೇಲೆ ಮೊದಲ ಎರಡು ಲೋಡಿಗೆ ಸ್ವಲ್ಪ ಕಿಡಿ, ಸ್ವಲ್ಪ ವಾಸನೆ, ಆಮೇಲೆ ಬೆಣ್ಣೆಯಂತೆ ಓಡಿತು. ಆ ವಾರ ನಾನು ಎಲ್ಲರಿಗೂ ಇದನ್ನೇ ಹೇಳಿಕೊಂಡು ತಿರುಗಿದೆ. ಇಲ್ಲೂ ಹೇಳಿದೆ ನೋಡಿ.

ಆಗ ನಾನು ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ.

2023ರಲ್ಲಿ ಹಿಂಡುವಾಗ ಸದ್ದು ಶುರುವಾಯಿತು. ಮೊದಲು ಗುಂಯ್ ಅನ್ನುತ್ತಿತ್ತು. ಎರಡು ತಿಂಗಳಿಗೆ, ಮೆಜೆಸ್ಟಿಕ್‌ನಿಂದ ಹೊರಟ ಹಳೆ ಬಸ್ಸು ಸೆಕೆಂಡ್ ಗೇರಿನಲ್ಲೇ ಮೇಲ್ಸೇತುವೆ ಹತ್ತುವ ಹಾಗಾಯಿತು. ಖಾಲಿ ಡ್ರಮ್ಮನ್ನು ಕೈಯಲ್ಲಿ ತಿರುಗಿಸಿದರೆ ಮರಳು ಅರೆದಂತೆ ಸದ್ದು. ಒಳಗೆ ಕೈ ಹಾಕಿ ಎತ್ತಿದರೆ ಡ್ರಮ್ ಗಡಗಡ ಅಲ್ಲಾಡುತ್ತಿತ್ತು. ಹಿಂದಿನ ತಗಡು ಬಿಚ್ಚಿದಾಗ ದೊಡ್ಡ ಚಕ್ರದ ಕೆಳಗೆ ಕಂದು ಬಣ್ಣದ ತುಕ್ಕಿನ ಗೆರೆ ಇಳಿದಿತ್ತು. ಅಂದರೆ ನೀರು ತಡೆಯುವ ರಬ್ಬರ್ ಉಂಗುರ, ಆಯಿಲ್ ಸೀಲ್, ಹೋಗಿ, ನೀರು ಡ್ರಮ್ಮಿನ ಅಚ್ಚನ್ನು ಹಿಡಿದಿರುವ ಬೇರಿಂಗ್‌ಗೆ ನುಗ್ಗಿ, ಗ್ರೀಸ್ ತೊಳೆದುಹೋಗಿದೆ.

ಎರಡು ಬೇರಿಂಗ್, ಒಂದು ಸೀಲ್. 6204, 6205 ಅಂತ ನಂಬರು ಹೇಳಿದರೆ ಯಾವ ಅಂಗಡಿಯಲ್ಲೂ ಸಿಗುತ್ತವೆ. ಎಲ್ಲ ಸೇರಿ ಸಾವಿರ ರೂಪಾಯಿ ದಾಟಲಿಲ್ಲ. ಆದರೆ ಹಾಕೋದು ಹೇಗೆ? ನೀರು ತುಂಬುವ ಹೊರಗಿನ ಪ್ಲಾಸ್ಟಿಕ್ ಟಬ್ ಎರಡು ಹೋಳು. ಹಿಂದೆಲ್ಲ ಆ ಹೋಳುಗಳನ್ನು ಬೋಲ್ಟ್ ಹಾಕಿ ಬಿಗಿಯುತ್ತಿದ್ದರು. ನಮ್ಮದರಲ್ಲಿ ಬಿಸಿ ಮಾಡಿ ಒಂದಕ್ಕೊಂದು ಬೆಸೆದುಬಿಟ್ಟಿದ್ದಾರೆ. ಬೇರಿಂಗ್ ಬದಲಿಸಬೇಕಾ, ಇಡೀ ಟಬ್ಬು ಡ್ರಮ್ಮು ಕೊಳ್ಳಿ. 13,500, ಕೂಲಿ ಬೇರೆ. ಫೋನಿನಲ್ಲಿದ್ದ ಹುಡುಗಿ 'ಸರ್, ಎಕ್ಸ್‌ಚೇಂಜ್ ಆಫರ್ ಇದೆ' ಅಂದಳು. ಅವಳದೇನು ತಪ್ಪು? ಆದರೂ ನನಗೆ ಉರಿಯಿತು. ಚಪ್ಪಲಿಯ ಉಂಗುಷ್ಠ ಕಿತ್ತರೆ ಕಾಲು ಬದಲಿಸಿ ಅಂದ ಹಾಗಾಯಿತಲ್ಲ!

ಯುರೋಪಿನಲ್ಲಿ 2021ರ ಮಾರ್ಚ್‌ನಿಂದ ಒಂದು ನಿಯಮ ಇದೆ, ವಾಷಿಂಗ್ ಮೆಷಿನ್ನಿನ ಬಿಡಿಭಾಗಗಳು ಹತ್ತು ವರ್ಷ ಸಿಗಲೇಬೇಕು ಅಂತ. ಪಟ್ಟಿಯಲ್ಲಿ ಬೇರಿಂಗ್ ಹೆಸರೂ ಇದೆ. ಆದರೆ ಬಿಡಿಯಾಗಿಯೂ ಮಾರಬಹುದು, ಡ್ರಮ್ಮಿನ ಜೊತೆ ಸೇರಿಸಿಯೂ ಮಾರಬಹುದು. ಆಯಿತಲ್ಲ, ಅಲ್ಲೂ ಅದೇ ಕಿಂಡಿ. ನಮ್ಮ ಸರ್ಕಾರ 2022ರಲ್ಲಿ, ಕಂಪನಿಗಳ ರಿಪೇರಿ ಮಾಹಿತಿ ಒಂದೇ ಕಡೆ ಸಿಗಲಿ ಅಂತ, ರೈಟ್ ಟು ರಿಪೇರ್ ಪೋರ್ಟಲ್ ತೆರೆದಿದೆ. ಬೆಸೆದ ಟಬ್ಬನ್ನು ಪೋರ್ಟಲ್ ಬಿಚ್ಚಿಕೊಡೋದಿಲ್ಲ.

ಬಿಚ್ಚಿಕೊಟ್ಟವರು ನಮ್ಮ ಮೂರನೇ ಕ್ರಾಸಿನ ಮೆಕ್ಯಾನಿಕ್. '2,800 ಕೊಡಿ ಸಾರ್, ಕೊಯ್ದುಬಿಡೋಣ' ಅಂದರು. ನಾನು ಸಹಾಯಕ. ಮಹಡಿಯ ಮೇಲೆ ಗೋಣಿಚೀಲ ಹಾಸಿದೆವು. ಮೊದಲು ಪ್ರತಿ ವೈರಿನ ಫೋಟೊ ತೆಗೆದುಕೊಂಡೆ. ಆಮೇಲೆ ಮುಚ್ಚಳ, ಮುಂದಿನ ತಗಡು, ರಬ್ಬರ್, ಎರಡು ಕಾಂಕ್ರೀಟ್ ದಿಮ್ಮಿ. ಮೆಷಿನ್ ಅಷ್ಟು ಭಾರ ಇರೋದು ಆ ದಿಮ್ಮಿಗಳಿಂದಲೇ. ಹಿಂಡುವಾಗ ಕುಣಿಯದಿರಲಿ ಅಂತ ಕಟ್ಟಿರುವ ಕಲ್ಲು. ಅಮ್ಮ ಬಂದು ನೋಡಿ, 'ಕೊನೆಗೂ ನಿನ್ನ ಮೆಷಿನ್ನಿನಲ್ಲೂ ಕಲ್ಲೇ ಸಿಕ್ಕಿತಾ' ಅಂದು ಹೋದರು.

ಮೆಕ್ಯಾನಿಕ್ ಕೊಯ್ಯುವ ಮೊದಲು ಬೆಸುಗೆಯ ಅಂಚಿನ ಸುತ್ತ ಇಪ್ಪತ್ತೆರಡು ತೂತು ಕೊರೆದರು. ಮತ್ತೆ ಜೋಡಿಸುವಾಗ ಹೋಳುಗಳು ಸರಿಯಾಗಿ ಕೂರಬೇಕು ತಾನೆ? ಆಮೇಲೆ ಗರಗಸದ ಬ್ಲೇಡು. ಮೂರು ಬ್ಲೇಡು ಮುರಿದವು. ಹಲಸಿನ ಹಣ್ಣು ಹೆಚ್ಚಿದ ಹಾಗೆ ಟಬ್ಬು ಎರಡಾಯಿತು.

ಒಳಗೆ ನೋಡಿ ನಾನು ಸುಮ್ಮನಾದೆ.

ಒಂಬತ್ತು ವರ್ಷ ನಾನು ಮುಂದಿನ ರಬ್ಬರನ್ನು ಕನ್ನಡಿಯ ಹಾಗೆ ಒರೆಸಿದ್ದೆ. ಡ್ರಮ್ಮಿನ ಹಿಂಭಾಗದಲ್ಲಿ ಬೆರಳ ದಪ್ಪದ ಕೊಳೆ. ಹಳೆ ಮೊಸರಿನ ಬಣ್ಣ, ಮುಟ್ಟಿದರೆ ಮೇಣ. ಡ್ರಮ್ಮನ್ನು ಹಿಡಿದಿರುವ ಮೂರು ಕೈಗಳ ಅಲ್ಯೂಮಿನಿಯಂ ತುಂಡಿಗೆ ಸ್ಪೈಡರ್ ಅಂತಾರೆ. ಅದರ ಒಂದು ಕೈಯನ್ನು ಮೆಕ್ಯಾನಿಕ್ ಸ್ಕ್ರೂಡ್ರೈವರಿನಿಂದ ಕೆರೆದರು. ಬಿಳಿ ಪುಡಿ ಸುಣ್ಣದ ಗೋಡೆಯ ಹಾಗೆ ಉದುರಿತು. ಕೆಳಗೆ ಗುಳಿ ಗುಳಿ. ಸ್ಟೀಲ್ ಡ್ರಮ್ಮು, ಅಲ್ಯೂಮಿನಿಯಂ ಕೈ, ನಡುವೆ ಸದಾ ಸೋಪಿನ ಒದ್ದೆ, ಹೀಗಿದ್ದರೆ ಅಲ್ಯೂಮಿನಿಯಂ ಕರಗುತ್ತಲೇ ಇರುತ್ತದೆ. 'ಬಿಸಿ ನೀರಲ್ಲಿ ಒಗೀತೀರಾ?' ಅಂತ ಕೇಳಿದರು. ಇಲ್ಲ. ಕರೆಂಟ್ ಬಿಲ್ ಬರುತ್ತೆ ಅಂತ ಯಾವಾಗಲೂ ತಣ್ಣೀರು. 'ಪೌಡರ್?' ಗಟ್ಟಿ ನೀರು ಅಂತ ಒಂದು ಮುಷ್ಟಿ ಜಾಸ್ತಿ. ಘಮಘಮ ಇರಲಿ ಅಂತ ಕಂಡಿಷನರ್ ಬೇರೆ. ಅವರು ಏನೂ ಬೈಯಲಿಲ್ಲ, ತಲೆ ಆಡಿಸಿದರು ಅಷ್ಟೇ.

ಬೈಗುಳದಲ್ಲಿ ಅರ್ಧ ಪಾಲು ನನ್ನದೇ ಆಯಿತು ಅಂದ ಹಾಗೆ. ಕಾಣದ ಜಾಗ ತೊಳೆಯಲು ಬಿಸಿ ನೀರೇ ಬೇಕು. ಈಗ ತಿಂಗಳಿಗೊಮ್ಮೆ ಖಾಲಿ ಮೆಷಿನ್ನನ್ನು 90 ಡಿಗ್ರಿಯಲ್ಲಿ ಓಡಿಸುತ್ತೇನೆ. ಮೂರು ತಿಂಗಳಿಗೊಮ್ಮೆ ಅದಕ್ಕೆ 100 ಗ್ರಾಂ ಸಿಟ್ರಿಕ್ ಆಸಿಡ್. ಕಿರಾಣಿ ಅಂಗಡಿಯಲ್ಲಿ ನಿಂಬೆಉಪ್ಪು ಅಂತ ಕೇಳಿದರೆ ಕೊಡುತ್ತಾರೆ, ಹೀಟರಿನ ಮೇಲಿನ ಸುಣ್ಣದ ಪದರ ಬಿಡುತ್ತದೆ. ಅದರ ಜೊತೆ ಬ್ಲೀಚ್ ಮಾತ್ರ ಯಾವತ್ತೂ ಬೆರೆಸಬೇಡಿ, ವಿಷದ ಗಾಳಿ ಬರುತ್ತದೆ. ಇನ್ನು ವಿನೆಗರ್ ಮತ್ತು ಅಡುಗೆ ಸೋಡಾ ಬೆರೆಸಿ ಅನ್ನುವ ವಿಡಿಯೋಗಳು: ನೊರೆ ಚೆನ್ನಾಗಿ ಬರುತ್ತದೆ, ಕೊಳೆ ಅಲ್ಲೇ ಇರುತ್ತದೆ. ಪೌಡರ್ ಬಿಟ್ಟು ಲಿಕ್ವಿಡ್‌ಗೆ ಬಂದೆ, ಅದೂ ಅಳತೆ ಮುಚ್ಚಳದಲ್ಲೇ. ಕಂಡಿಷನರ್ ನಿಲ್ಲಿಸಿದೆ.

ಹೊಸ ಬೇರಿಂಗ್ ಬಡಿದು ಕೂರಿಸಿ, ಸೀಲ್ ಹಾಕಿ, ಅಂಚಿಗೆ ಸಿಲಿಕೋನ್ ಬಳಿದು, ಇಪ್ಪತ್ತೆರಡು ಸ್ಕ್ರೂ ಬಿಗಿದಾಗ ಸಂಜೆ ಆರು. ಸಿಲಿಕೋನ್ ಒಣಗಲು ಒಂದು ದಿನ ಬಿಟ್ಟೆವು. ಮರುದಿನ ಹಿಂಡುವಾಗ ಫ್ಯಾನಿನಷ್ಟೇ ಸದ್ದು. ಸ್ಪೈಡರಿಗೆ ಮೆಕ್ಯಾನಿಕ್ ಎರಡು ವರ್ಷದ ವಾಯಿದೆ ಕೊಟ್ಟಿದ್ದಾರೆ. ಅದರಲ್ಲಿ ಒಂದೂವರೆ ವರ್ಷ ಆಗಲೇ ಮುಗಿಯಿತು.

ಕೊಳ್ಳಬಹುದಾ ಅಂತ ಕೇಳಿದರೆ, ಫ್ರಂಟ್ ಲೋಡ್ ಖಂಡಿತ ಕೊಳ್ಳಿ, ಬಟ್ಟೆ ಚೆನ್ನಾಗಿ ಒಗೆಯುತ್ತದೆ, ನೀರೂ ಕಡಿಮೆ. ಅಂಗಡಿಯಲ್ಲಿ ಮಾತ್ರ ಒಂದು ಪ್ರಶ್ನೆ ಕೇಳಿ: ಟಬ್ ಬೋಲ್ಟಿನದಾ, ಬೆಸೆದದ್ದಾ? ಮೊನ್ನೆ ತಮ್ಮನ ಜೊತೆ ಹೋಗಿ ಮೂರು ಅಂಗಡಿಯಲ್ಲಿ ಕೇಳಿದೆ. ಇಬ್ಬರು ವಾರಂಟಿ ಬಗ್ಗೆ ಹೇಳಿದರು. ಮೂರನೆಯವರು ಎದುರಿಗಿದ್ದ ಮೆಷಿನ್ನಿನ ಬಾಗಿಲು ತೆಗೆದು ಒಳಗೆ ಇಣುಕಿದರು.

ನಮ್ಮದಕ್ಕೆ ನನ್ನ ಲೆಕ್ಕದಲ್ಲಿ ಮೂರು ಸ್ಟಾರ್. ಹದಿನಾಲ್ಕನೇ ಸ್ಕ್ರೂ ಹತ್ತಿರ ಲೋಡಿಗೆ ಒಂದೆರಡು ಹನಿ ಜಿನುಗುತ್ತದೆ. ಕೆಳಗೆ ಅದೇ ಬನಿಯನ್ ತುಂಡು ಹಾಸಿದ್ದೇನೆ. ಮತ್ತೆ ಸಿಲಿಕೋನ್ ಬಳಿಯಲು 300 ಆಗುತ್ತೆ ಅಂದಿದ್ದಾರೆ, ಮಳೆ ನಿಲ್ಲಲಿ ಅಂತ ಕಾಯುತ್ತಿದ್ದೇವೆ.