ಚಾರ್ಮಾಡಿಗೆಂದೇ ಹಾಕಿಸಿದ ಶಾಕ್ಸ್: ಪೋಲೋದಲ್ಲಿ ಬಿಲ್‌ಸ್ಟೈನ್ ಬಿ6, ಮೂರು ವರ್ಷದ ಬಳಕೆ

ನಾವಿರುವುದು ಬೆಂಗಳೂರಿನ ಬನಶಂಕರಿಯಲ್ಲಿ, ಊರು ಉಜಿರೆ. ಎರಡು ತಿಂಗಳಿಗೊಮ್ಮೆಯಾದರೂ ಹಾಸನ, ಬೇಲೂರು, ಮೂಡಿಗೆರೆ ದಾಟಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಚಾರ್ಮಾಡಿ ಘಾಟಿ ಇಳಿಯಲೇಬೇಕು. ಗಾಡಿ 2016ರ ಫೋಕ್ಸ್‌ವ್ಯಾಗನ್ ಪೋಲೋ, 1.5 ಲೀಟರ್ ಡೀಸೆಲ್. ಜರ್ಮನ್ ಕಂಪನಿ ಬಿಲ್‌ಸ್ಟೈನಿನ ಬಿ6 ಶಾಕ್ ಅಬ್ಸಾರ್ಬರ್ (ಸ್ಪ್ರಿಂಗಿನ ಕುಣಿತ ತಡೆಯುವ ಭಾಗ) ಹಾಕಿಸಿ ಮೂರು ವರ್ಷ ಆಯ್ತು. ಅವುಗಳ ಮೇಲೆ 41 ಸಾವಿರ ಕಿಲೋಮೀಟರ್ ಓಡಿಸಿದ್ದೇನೆ.

ಹಳೇ ಶಾಕ್ಸ್ 80 ಸಾವಿರ ಕಿಲೋಮೀಟರ್ ಹತ್ತಿರ ಬಂದಾಗ ಸುಸ್ತಾಗಿದ್ದವು. ಊರೊಳಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಘಾಟಿಯಲ್ಲಿ ಗೊತ್ತಾಗುತ್ತಿತ್ತು. ತಿರುವಿಗೆ ಮುಂಚೆ ಬ್ರೇಕ್ ಒತ್ತಿದರೆ ಮೂತಿ ಕೆಳಗೆ ಬಗ್ಗುತ್ತಿತ್ತು. ಡೀಸೆಲ್ ಎಂಜಿನ್ನಿನ ಭಾರವೆಲ್ಲ ಮುಂದೆಯೇ ಅಲ್ವಾ. ಸ್ಟೀರಿಂಗ್ ತಿರುಗಿಸಿದ ಮೇಲೆ ಗಾಡಿ ಒಂದು ಕ್ಷಣ ಯೋಚಿಸಿ ವಾಲುತ್ತಿತ್ತು. ತಿರುವಿನ ನಡುವೆ ತೇಪೆ ಹಾಕಿದ ಡಾಂಬರು ಸಿಕ್ಕರಂತೂ ಹಿಂದಿನ ಚಕ್ರ ಪುಟಿದು, ಹಿಂಭಾಗ ಒಂದು ಗೇಣು ಹೊರಗೆ ಸರಿದ ಹಾಗೆ ಆಗುತ್ತಿತ್ತು. ಒಂದು ಕಡೆ ಪ್ರಪಾತ, ಹಿಂದಿನ ಸೀಟಿನಲ್ಲಿ ಅಮ್ಮ. ಮಂಜು ಬೇರೆ. ಅಮ್ಮ ಘಾಟಿ ಶುರುವಾಗುವ ಮೊದಲೇ ನಿಂಬೆಹಣ್ಣು, ಪ್ಲಾಸ್ಟಿಕ್ ಕವರ್ ಎರಡನ್ನೂ ಕೈಯಲ್ಲಿ ಹಿಡಿದು ಕೂರುತ್ತಿದ್ದರು.

ಕೇಳಿದವರೆಲ್ಲ ಹೇಳಿದ್ದು ಒಂದೇ: ಗಿಡ್ಡ ಸ್ಪ್ರಿಂಗ್ ಹಾಕಿಸು, ಗಾಡಿ ತಗ್ಗಲಿ. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಪೋಲೋದ ತಳ ಮೊದಲೇ ಅಷ್ಟೇನೂ ಎತ್ತರ ಇಲ್ಲ. ನಾಲ್ಕು ಜನ, ಡಿಕ್ಕಿಯಲ್ಲಿ ಎರಡು ತೆಂಗಿನಕಾಯಿ ಚೀಲ ಇದ್ದರೆ ನಮ್ಮ ಬೀದಿಯ ರೋಡ್ ಹಂಪಿಗೇ ತಾಗುತ್ತದೆ. ಅಲ್ಲದೆ ಗಾಡಿ ತಗ್ಗಿಸಿದಷ್ಟೂ ಚಕ್ರ ಮೇಲೇಳಲು ಜಾಗ ಕಡಿಮೆ. ಚಕ್ರದ ಏರಿಕೆ ನಿಲ್ಲಿಸುವ ರಬ್ಬರು ತುಂಡಿಗೆ, ಅಂದರೆ ಬಂಪ್ ಸ್ಟಾಪಿಗೆ, ಬೇಗ ಬಡಿಯುತ್ತದೆ. ಹದಗೆಟ್ಟ ಘಾಟಿ ರಸ್ತೆಗೆ ಬೇಕಾಗಿರುವುದು ಅದರ ಉಲ್ಟಾ. ಬಿ6 ಕಂಪನಿ ಸ್ಪ್ರಿಂಗ್ ಜೊತೆಗೇ ಕೂರುತ್ತದೆ, ಎತ್ತರ ಹಾಗೇ ಉಳಿಯುತ್ತದೆ. ಗಿಡ್ಡ ಸ್ಪ್ರಿಂಗಿಗೆಂದೇ ಬರುವುದು ಬಿ8. ತಗೊಳ್ಳುವಾಗ ಇವೆರಡನ್ನು ಅದಲು ಬದಲು ಮಾಡಿಕೊಳ್ಳಬೇಡಿ.

ಹಾಕಿಸಿದ ದಿನ ನಾನು ಗ್ಯಾರೇಜಿನಲ್ಲೇ ನಿಂತಿದ್ದೆ. ಬಿಚ್ಚಿದ ಹಳೇ ಶಾಕಿನ ರಾಡನ್ನು ಕೈಯಿಂದ ಒತ್ತಿದರೆ ಒಳಗೆ ಹೋಗಿ ಅಲ್ಲೇ ಕೂತಿತು. ಮೈಯೆಲ್ಲ ಎಣ್ಣೆ ಜಿಡ್ಡು. ಹೊಸದನ್ನು ನೆಲಕ್ಕೆ ಊರಿ ಮೈಭಾರ ಹಾಕಿ ಒತ್ತಬೇಕಾಯಿತು. ಬಿಟ್ಟ ತಕ್ಷಣ ರಾಡ್ ನಿಧಾನಕ್ಕೆ, ತಡೆಯಿಲ್ಲದೆ, ತಾನೇ ಮೇಲೆ ಬಂತು. ಒಳಗಿನ ಒತ್ತಡದ ಗ್ಯಾಸ್ ಮಾಡುವ ಕೆಲಸ ಅದು. ಒಂದೇ ಕೊಳವೆ, ತೇಲುವ ಪಿಸ್ಟನ್ ಒಂದು ಗ್ಯಾಸನ್ನೂ ಎಣ್ಣೆಯನ್ನೂ ಬೇರೆ ಬೇರೆ ಇಡುತ್ತದೆ. ಸ್ಪ್ರಿಂಗಿನ ಕುಣಿತವನ್ನು ತಡೆಯುತ್ತಾ ಎಣ್ಣೆ ಎಷ್ಟು ಬಿಸಿಯಾದರೂ ನೊರೆ ಬರುವುದಿಲ್ಲ. ಹಾಗಾಗಿ ಘಾಟಿಯ ಮೊದಲ ತಿರುವಿನಲ್ಲಿದ್ದ ಹಿಡಿತ ಕೊನೆಯ ತಿರುವಿನಲ್ಲೂ ಇರುತ್ತದೆ.

ಒಂದು ಕಹಿ ಅನುಭವವೂ ಆಯಿತು. ಮುಂದಿನ ಶಾಕನ್ನು ಮೇಲ್ಗಡೆ ಗಾಡಿಗೆ ಹಿಡಿದಿಡುವ ಸ್ಟ್ರಟ್ ಮೌಂಟ್, ಅದರ ಬೇರಿಂಗ್ ಎರಡನ್ನೂ ಹೊಸದು ತಂದುಕೊಟ್ಟಿದ್ದೆ. ಆದರೂ ಆ ಗ್ಯಾರೇಜಿನವರು ಬಲಗಡೆಗೆ ಹಳೆಯದನ್ನೇ ಕೂರಿಸಿದ್ದರು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗಲೆಲ್ಲ ಟಕ್ ಎನ್ನುವ ಸದ್ದು. ಎರಡು ವಾರ ಶಾಕಿನದೇ ದೋಷ ಅಂದುಕೊಂಡು ನಿದ್ದೆಗೆಟ್ಟೆ. ಬೇರೆ ಕಡೆ ಬಿಚ್ಚಿಸಿ ನೋಡಿದಾಗ ನಿಜ ತಿಳಿಯಿತು. ಅಲ್ಲಿನ ಮೇಸ್ತ್ರಿ ಹಿಂದಿನ ಬುಷ್‌ಗಳ (ಜೋಡಣೆಯಲ್ಲಿ ಕೂರುವ ರಬ್ಬರು ತುಂಡು) ಬೋಲ್ಟುಗಳನ್ನೂ ಸಡಿಲಿಸಿ, ಗಾಡಿ ತನ್ನ ಭಾರದಲ್ಲಿ ನೆಲದ ಮೇಲೆ ನಿಂತ ಮೇಲೆ ಮತ್ತೆ ಬಿಗಿ ಮಾಡಿದರು. ಜಾಕಿಯಲ್ಲಿ ಎತ್ತಿದಾಗಲೇ ಬಿಗಿ ಮಾಡಿದರೆ ರಬ್ಬರು ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೊನೆಗೆ ವೀಲ್ ಅಲೈನ್‌ಮೆಂಟ್. ಇಷ್ಟು ಆಗುವವರೆಗೂ ಪಕ್ಕದಲ್ಲೇ ನಿಂತು ಮಾಡಿಸಿಕೊಳ್ಳಿ.

ಘಾಟಿಯಲ್ಲಿ ಬದಲಾಗಿದ್ದು ವೇಗ ಅಲ್ಲ. ಈಗಲೂ ನಾನು ಅಲ್ಲಿ 40 ದಾಟುವುದು ಅಪರೂಪ. ಗಾಡಿ ವಾಲುವುದೂ ಪೂರ್ತಿ ನಿಂತಿಲ್ಲ. ಎಷ್ಟು ವಾಲಬೇಕು ಅನ್ನುವುದು ಸ್ಪ್ರಿಂಗ್ ಮತ್ತು ಆಂಟಿ ರೋಲ್ ಬಾರಿನ (ಎಡ ಬಲ ಚಕ್ರಗಳನ್ನು ಜೋಡಿಸಿ ವಾಲುವುದನ್ನು ತಡೆಯುವ ಸರಳು) ಕೈಯಲ್ಲಿದೆ. ಆದರೆ ಈಗ ಗಾಡಿ ಒಮ್ಮೆ ವಾಲಿ ಅಲ್ಲೇ ನಿಲ್ಲುತ್ತದೆ, ತೂಗಾಡುವುದಿಲ್ಲ. ಎಡಕ್ಕೆ ತಿರುಗಿ ತಕ್ಷಣ ಬಲಕ್ಕೆ ತಿರುಗುವಾಗ ಇದರ ಬೆಲೆ ತಿಳಿಯುತ್ತದೆ. ತೇಪೆ ಸಿಕ್ಕರೆ ಒಂದೇ ಏಟು, ಆಮೇಲೆ ಚಕ್ರ ನೆಲ ಬಿಡುವುದಿಲ್ಲ. ಹಾಕಿಸಿದ ಮೇಲೆ ಮೊದಲ ಸಲ ಉಜಿರೆಯಿಂದ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ನಿಲ್ಲಿಸಿದಾಗ ಅಮ್ಮ ಕೇಳಿದರು, "ಎಂತ ಮಾರಾಯ, ಘಾಟಿ ಮುಗೀತಾ ಆಗ್ಲೇ?" ಕೈಯಲ್ಲಿದ್ದ ನಿಂಬೆಹಣ್ಣಿಗೆ ಒಂದು ಉಗುರಿನ ಗುರುತೂ ಬಿದ್ದಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು.

ಬೆಂಗಳೂರಿನ ಮಾತು ಬೇರೆ. ಬಿ6 ಗಟ್ಟಿ ಸ್ವಭಾವದ್ದು. ವೈಟ್ ಟಾಪಿಂಗ್ ಮಾಡಿದ ಕಾಂಕ್ರೀಟ್ ರಸ್ತೆ ಮುಗಿದು ಡಾಂಬರು ಶುರುವಾಗುವ ಅಂಚು, ಮ್ಯಾನ್‌ಹೋಲ್ ಮುಚ್ಚಳ, ಸಣ್ಣ ಗುಂಡಿ, ಎಲ್ಲವೂ 20ರ ವೇಗದಲ್ಲಿ ಸೀಟಿಗೆ ತಲುಪುತ್ತವೆ. 50 ದಾಟಿದ ಮೇಲೆ ಹದವಾಗುತ್ತದೆ. ದಿನಾ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲೇ ಇರುವವರು, ವರ್ಷಕ್ಕೊಮ್ಮೆ ನಂದಿ ಬೆಟ್ಟಕ್ಕೆ ಹೋಗುವವರು ಸುಮ್ನೆ ಕಂಪನಿಯದ್ದೇ ಹೊಸ ಶಾಕ್ಸ್ ಹಾಕಿಸಿ. ಅಥವಾ ಬಿಲ್‌ಸ್ಟೈನಿನದೇ ಬಿ4 ನೋಡಿ. ಅದು ಮೂಲ ಗಾಡಿಯ ಹದಕ್ಕೆ ಹತ್ತಿರ.

ಮೌಂಟ್, ಲೇಬರ್ ಎಲ್ಲ ಸೇರಿ ನನಗೆ 70 ಸಾವಿರ ದಾಟಿತು. ಹಳೇ ಗಾಡಿಗೆ ದುಡ್ಡು ಜಾಸ್ತಿಯೇ. ಅಷ್ಟು ಕೈಯಲ್ಲಿ ಇಲ್ಲದಿದ್ದರೆ ಮೊದಲು ಟೈರ್ ಬದಲಿಸಿ. ನಾನು ಅದೇ 185/60 ಆರ್15 ಅಳತೆಯಲ್ಲಿ ಒಳ್ಳೆಯ ಟೈರ್ ಹಾಕಿಸಿದಾಗಲೇ ಮಳೆಗಾಲದ ಭಯ ಅರ್ಧ ಇಳಿದಿತ್ತು. ಆಮೇಲೆ ಚಕ್ರವನ್ನು ಗಾಡಿಗೆ ಜೋಡಿಸುವ ಲೋವರ್ ಆರ್ಮಿನ ಬುಷ್, ಆಂಟಿ ರೋಲ್ ಬಾರಿನ ಲಿಂಕ್ ರಾಡ್ ಮೆಕ್ಯಾನಿಕ್‌ಗೆ ತೋರಿಸಿ. ಅವು ಸವೆದಿದ್ದರೆ ಎಷ್ಟು ದುಬಾರಿ ಶಾಕ್ಸ್ ಹಾಕಿದರೂ ಪ್ರಯೋಜನ ಇಲ್ಲ.

ಇಲ್ಲಿಯವರೆಗೆ ನಾಲ್ಕರಲ್ಲಿ ಒಂದೂ ಸೋರಿಲ್ಲ. ಹೋದ ವಾರವಷ್ಟೇ ಧೂಳು ಒರೆಸಿ ನೋಡಿದೆ, ಹಳದಿ ಬಣ್ಣ ಹಾಗೇ ಇದೆ.