ಬಾರ್ಬರಾ ಸ್ಟಾನ್ವಿಕ್ ಡಿಸ್ಕ್‌ಗಳು: ದನಿ ಕೆಡದಂತೆ ಕೊಳ್ಳುವುದು, ಕೊಡಗಿನ ಮಳೆಗಾಲದಲ್ಲಿ ನೋಡುವುದು

ಹಾಲಿವುಡ್ಡಿನ ಹಳೆಯ ಕಾಲದ ನಟಿ ಬಾರ್ಬರಾ ಸ್ಟಾನ್ವಿಕ್ ಅವರ ಚಿತ್ರಗಳನ್ನು ಡಿಸ್ಕ್‌ನಲ್ಲಿ ಕೊಳ್ಳುವವರು ಮೊದಲು ನೋಡಬೇಕಾದದ್ದು ಡಬ್ಬಿಯ ಹಿಂಬದಿಯಲ್ಲಿ ಬರೆದಿರುವ ಅವಧಿಯನ್ನು. 'ಡಬಲ್ ಇಂಡೆಮ್ನಿಟಿ' (1944) 107 ನಿಮಿಷದ ಚಿತ್ರ. ಅಲ್ಲಿ 103 ಎಂದಿದ್ದರೆ ಅದು ಬಹುಮಟ್ಟಿಗೆ ಪಾಲ್ ಪದ್ಧತಿಯ (ಯುರೋಪು, ಭಾರತದ ಟಿವಿ ಪದ್ಧತಿ) ಡಿವಿಡಿ. ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು 25ರ ವೇಗದಲ್ಲಿ ಓಡಿಸಿರುತ್ತಾರೆ. ದೃಶ್ಯ ಯಾವುದೂ ಕತ್ತರಿಸಿರುವುದಿಲ್ಲ, ಆದರೆ ಮಾತು ನಡೆ ಎಲ್ಲವೂ ಶೇ. 4ರಷ್ಟು ಬೇಗ, ದನಿಯೂ ಸಾಮಾನ್ಯವಾಗಿ ಅಷ್ಟೇ ಮೇಲಕ್ಕೆ. ಬೇರೆ ನಟಿಯರ ಚಿತ್ರದಲ್ಲಿ ಇದನ್ನು ಸಹಿಸಬಹುದು. ಸ್ಟಾನ್ವಿಕ್ ಅಭಿನಯದ ಅರ್ಧಕ್ಕರ್ಧ ಇರುವುದೇ ಆ ತಗ್ಗಿದ, ತುಸು ಒಡಕಲು ದನಿಯಲ್ಲಿ, ಮಾತಿಗೂ ಮಾತಿಗೂ ನಡುವೆ ಅವರು ಉಳಿಸಿಕೊಳ್ಳುವ ಬಿಡುವಿನಲ್ಲಿ. ಅದು ಕೆಟ್ಟರೆ ದುಡ್ಡು ಕೊಟ್ಟು ಕೊಂಡದ್ದು ವ್ಯರ್ಥ. ಬ್ಲೂ-ರೇನಲ್ಲಿ ಚಿತ್ರ 24ರ ವೇಗದಲ್ಲೇ ಇರುವುದರಿಂದ ಈ ತಾಪತ್ರಯವಿಲ್ಲ.

ಎರಡನೆಯದು ವಲಯದ ಬೀಗ: ಒಂದು ವಲಯಕ್ಕೆಂದು ಮಾಡಿದ ಡಿಸ್ಕ್ ಬೇರೆ ವಲಯದ ಪ್ಲೇಯರಿನಲ್ಲಿ ಓಡದಂತೆ ಹಾಕಿರುವ ತಡೆ. ಬ್ಲೂ-ರೇ ಲೆಕ್ಕದಲ್ಲಿ ಭಾರತ ಸಿ ವಲಯ, ಅಮೆರಿಕ ಎ, ಬ್ರಿಟನ್ ಬಿ. ಇಲ್ಲಿ ಮಾರುವ ಪ್ಲೇಯರಿಗೆ ಅಮೆರಿಕದ ಎ ವಲಯದ ಬ್ಲೂ-ರೇ ಹಾಕಿದರೆ ಓಡುವುದಿಲ್ಲ ಎಂಬ ಸಂದೇಶವಷ್ಟೇ ಬರುತ್ತದೆ. 4ಕೆ ಡಿಸ್ಕಿಗೆ ವಲಯವೇ ಇಲ್ಲ. ಹಳೆಯ ಚಿತ್ರಗಳ ಡಿಸ್ಕ್ ತರುವ ಅಮೆರಿಕದ ಕ್ರೈಟೀರಿಯನ್ ಸಂಸ್ಥೆ 2022ರಲ್ಲಿ ತಂದ 'ಡಬಲ್ ಇಂಡೆಮ್ನಿಟಿ' 4ಕೆ ಸೆಟ್ಟಿನಲ್ಲಿ ಇವೆರಡೂ ಒಟ್ಟಿಗಿವೆ: ಚಿತ್ರವಿರುವ 4ಕೆ ಡಿಸ್ಕ್ ಯಾವ 4ಕೆ ಪ್ಲೇಯರಿನಲ್ಲೂ ಓಡುತ್ತದೆ, ಜೊತೆಗಿರುವ ಬ್ಲೂ-ರೇಗಳು ಮಾತ್ರ ಎ ವಲಯದವು. 1945 ಮತ್ತು 1950ರ ರೇಡಿಯೋ ರೂಪಾಂತರಗಳೂ ಈ ಸೆಟ್ಟಿನಲ್ಲಿವೆ. ಎರಡರಲ್ಲೂ ಸ್ಟಾನ್ವಿಕ್ ಮತ್ತು ಚಿತ್ರದ ನಾಯಕನಟ ಫ್ರೆಡ್ ಮ್ಯಾಕ್‌ಮರೆ ಅವರದೇ ದನಿ. ಮುಖವಿಲ್ಲದೆ ಬರೀ ದನಿಯಿಂದ ಈಕೆ ಎಷ್ಟು ಸಾಧಿಸುತ್ತಾರೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಎಲ್ಲ ವಲಯಕ್ಕೂ ತೆರೆದ ಪ್ಲೇಯರ್ ಕೊಳ್ಳುವುದಾದರೆ ಒಂದು ಎಚ್ಚರ: ಡಿವಿಡಿ ವಲಯವನ್ನು ಎಷ್ಟೋ ಪ್ಲೇಯರುಗಳಲ್ಲಿ ರಿಮೋಟಿನಿಂದಲೇ ತೆರೆಯಬಹುದು, ಬ್ಲೂ-ರೇ ವಲಯಕ್ಕೆ ಸಾಮಾನ್ಯವಾಗಿ ಯಂತ್ರದೊಳಗೇ ಬದಲಾವಣೆ ಬೇಕು. ಮಾರುವವರು 'ಮಲ್ಟಿ ರೀಜನ್' ಎಂದರೆ ಯಾವುದಕ್ಕೆ ಎಂದು ಕೇಳಿಯೇ ಹಣ ಕೊಡಿ.

ಸೆಟ್ಟಿನ ಬೆಲೆಗೆ ಕಸ್ಟಮ್ಸ್ ಸುಂಕ, ಕೊರಿಯರ್ ಸೇರಿದರೆ ಭಾರವೇ. ಆದರೂ ಈ ಒಂದು ಚಿತ್ರಕ್ಕೆ ಅದು ಸಲ್ಲುತ್ತದೆ. ಬಿಲ್ಲಿ ವೈಲ್ಡರ್ ನಿರ್ದೇಶನ, ಜಾನ್ ಸೈಟ್ಜ್ ಛಾಯಾಗ್ರಹಣ. ಕಿಟಕಿಯ ಪಟ್ಟಿಗಳ ನೆರಳು ಗೋಡೆಯ ಮೇಲೂ ಬಟ್ಟೆಯ ಮೇಲೂ ಬೀಳುವ ಆ ಬೆಳಕು, ಕಡಿಮೆ ಡೇಟಾದ ಸ್ಟ್ರೀಮಿಂಗ್‌ನಲ್ಲಿ ಮಬ್ಬು ಚೌಕಗಳಾಗಿ ಒಡೆದುಹೋಗುತ್ತದೆ. ಕೊಲೆಯ ದೃಶ್ಯವನ್ನೇ ನೋಡಿ. ಪಕ್ಕದ ಸೀಟಿನಲ್ಲಿರುವ ಗಂಡನ ಕತ್ತನ್ನು ಪ್ರಿಯಕರ ಹಿಸುಕುತ್ತಿರುವಾಗ ಕ್ಯಾಮೆರಾ, ಕಾರು ಓಡಿಸುತ್ತಿರುವ ನಾಯಕಿ ಫಿಲಿಸ್‌ಳ ಮುಖ ಬಿಟ್ಟು ಕದಲುವುದಿಲ್ಲ. ಸ್ಟಾನ್ವಿಕ್ ಅಲ್ಲಿ ಹೆಚ್ಚುಕಡಿಮೆ ಏನನ್ನೂ ಮಾಡುವುದಿಲ್ಲ. ದೃಷ್ಟಿ ನೇರ ಮುಂದಕ್ಕೆ, ಕಣ್ಣಲ್ಲಿ ಮಾತ್ರ ತೃಪ್ತಿಯ ಸಣ್ಣ ಸುಳಿವು. ಕಪ್ಪು ಬಣ್ಣ ಕಲಸಿಹೋದ ಪ್ರತಿಯಲ್ಲಿ ಈ ಸುಳಿವೇ ಕಾಣದು, ಕಾಣದಿದ್ದರೆ ದೃಶ್ಯಕ್ಕೆ ಜೀವವಿಲ್ಲ. ಆ ಕೃತಕ ಹೊಂಬಣ್ಣದ ವಿಗ್ ಬಗ್ಗೆ ಆಗಲೂ ಟೀಕೆಯಿತ್ತು, ಈಗಲೂ ಇದೆ. ಫಿಲಿಸ್‌ಳ ಎಲ್ಲವೂ ತೋರಿಕೆಯೇ ಆಗಿರುವಾಗ ತಲೆಗೂದಲು ಮಾತ್ರ ಸಹಜವಾಗಿರಬೇಕೆನ್ನುವುದು ಸರಿಯಲ್ಲ.

'ದಿ ಲೇಡಿ ಈವ್' (1941) ಕೂಡ ಕ್ರೈಟೀರಿಯನ್ ಬ್ಲೂ-ರೇ, ಎ ವಲಯದ್ದು, 94 ನಿಮಿಷ. ಪ್ರೆಸ್ಟನ್ ಸ್ಟರ್ಜಸ್ ಬರೆದು ನಿರ್ದೇಶಿಸಿದ ನಗೆಚಿತ್ರ. ಒಂದೇ ಡಿಸ್ಕ್ ಕೊಳ್ಳುವಷ್ಟು ಹಣವಿದ್ದು, ತೆರೆದ ಪ್ಲೇಯರೂ ಇದ್ದರೆ ಇದನ್ನೇ ಕೊಳ್ಳಿ. ಹಡಗಿನ ಊಟದ ಹಾಲ್‌ನಲ್ಲಿ ಇಸ್ಪೀಟಿನ ಮೋಸಗಾತಿ ಜೀನ್ (ಸ್ಟಾನ್ವಿಕ್), ಕೈಗನ್ನಡಿ ಎತ್ತಿ ಹಿಡಿದು, ಹಿಂದೆ ಕುಳಿತ ಶ್ರೀಮಂತ ಯುವಕನನ್ನು (ಹೆನ್ರಿ ಫಾಂಡಾ) ಬಲೆಗೆ ಬೀಳಿಸಲು ಹೆಂಗಸರು ಪಡುವ ಪಾಡನ್ನು ನೋಡುತ್ತಾಳೆ. ಕನ್ನಡಿಯೊಳಗಿನವರ ಮಾತು ನಮಗೆ ಕೇಳಿಸುವುದಿಲ್ಲ. ಅವರೆಲ್ಲರ ಮಾತನ್ನೂ ಇವಳೇ ಆಡುತ್ತಾಳೆ, ಜೊತೆಗೆ ಟೀಕೆಯನ್ನೂ. ಇಡೀ ದೃಶ್ಯ ನಿಂತಿರುವುದು ಒಂದು ದನಿಯ ಏರಿಳಿತದ ಮೇಲೆ. ಚಿತ್ರದ ಉತ್ತರಾರ್ಧದಲ್ಲಿ ಅವಳೇ ಇಂಗ್ಲೆಂಡಿನ ಸಿರಿವಂತೆಯಾಗಿ ಮರಳಿ ಬಂದಾಗ ಮುಖಕ್ಕೆ ವೇಷವಿಲ್ಲ. ಬದಲಾದದ್ದು ಉಡುಪು, ನಿಲುವು, ಮಾತಿನ ಧಾಟಿ. ಅವನು ಗುರುತು ಹಿಡಿಯದೆ ಹೋಗುವುದನ್ನು ನಾವು ನಂಬುತ್ತೇವೆ. ಉಡುಪಿನ ವಿನ್ಯಾಸ ಈಡಿತ್ ಹೆಡ್ ಅವರದು.

'ಸ್ಟೆಲ್ಲಾ ಡಲ್ಲಾಸ್' (1937, ನಿರ್ದೇಶನ ಕಿಂಗ್ ವಿಡೋರ್) 106 ನಿಮಿಷ. ಆಸ್ಕರ್‌ಗೆ ಅವರ ಮೊದಲ ನಾಮನಿರ್ದೇಶನ ತಂದ ಚಿತ್ರ. ಒಟ್ಟು ನಾಲ್ಕು ಸಲ ಹೆಸರು ಹೋದರೂ ಸ್ಪರ್ಧೆಯಲ್ಲಿ ಒಂದೂ ಬರಲಿಲ್ಲ, 1982ರಲ್ಲಿ ಗೌರವ ಪ್ರಶಸ್ತಿ ಸಿಕ್ಕಿತು. ಕೊನೆಯ ಮಳೆಯ ದೃಶ್ಯವನ್ನು ಎಲ್ಲರೂ ಹೊಗಳುತ್ತಾರೆ. ಅದಕ್ಕಿಂತ ಮೇಲಿನದು ರೈಲಿನ ದೃಶ್ಯ. ತನ್ನ ವೇಷಭೂಷಣದ ಬಗ್ಗೆ ಮಗಳ ಗೆಳತಿಯರು ಆಡಿಕೊಳ್ಳುವುದನ್ನು ಬರ್ತ್‌ನಲ್ಲಿ ಮಲಗಿ ಕೇಳಿಸಿಕೊಂಡ ತಾಯಿ, ಮಗಳು ಬಂದು ನೋಡುವಾಗ ನಿದ್ದೆ ಹತ್ತಿದವಳಂತೆ ಇರುತ್ತಾಳೆ.

'ಬೇಬಿ ಫೇಸ್' (1933) ಬೇಕಾದವರು 2006ರ 'ಫರ್ಬಿಡನ್ ಹಾಲಿವುಡ್' ಡಿವಿಡಿಯ ಮೊದಲ ಸಂಪುಟ ಹುಡುಕಬೇಕು. ಸೆನ್ಸಾರ್ ಕತ್ತರಿಸಿದ 71 ನಿಮಿಷದ ಪ್ರತಿಯೂ, 2004ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸಂಗ್ರಹದಲ್ಲಿ ಸಿಕ್ಕ ಸುಮಾರು 76 ನಿಮಿಷದ ಮೂಲ ಪ್ರತಿಯೂ ಅದರಲ್ಲಿವೆ. ಮೂಲವನ್ನೇ ಮೊದಲು ನೋಡಿ. ಅಮೆರಿಕದ ಎನ್‌ಟಿಎಸ್‌ಸಿ ಡಿವಿಡಿಯಾದ್ದರಿಂದ ಪಾಲ್‌ನ ಹಾಗೆ ವೇಗ ಏರಿಲ್ಲ, ದನಿ ಸರಿಯಿದೆ. ಡಿವಿಡಿ ವಲಯಗಳಿಗೆ ಅಕ್ಷರವಲ್ಲ, ಅಂಕಿ: ಇದು ವಲಯ 1, ನಮ್ಮದು 5.

ಟಿವಿಯಲ್ಲಿ ಮೋಷನ್ ಸ್ಮೂತಿಂಗ್, ನಾಯ್ಸ್ ರಿಡಕ್ಷನ್ ಎರಡನ್ನೂ ಆರಿಸಿ, ಶಾರ್ಪ್‌ನೆಸ್ ಸೊನ್ನೆಯ ಹತ್ತಿರ, ಕಲರ್ ಟೆಂಪರೇಚರ್ ವಾರ್ಮ್. ಎರಡು ಪಕ್ಕದ ಕಪ್ಪು ಪಟ್ಟಿ ಇರಬೇಕಾದ್ದೇ. ಪರದೆ ತುಂಬಲಿ ಎಂದು ಎಳೆದರೆ ಮುಖ ಅಗಲವಾಗುತ್ತದೆ. ಧ್ವನಿ ಮೂಲದಲ್ಲಿ ಮೊನೊ, ಸರೌಂಡ್ ಹಾಕಿದರೆ ಮಾತು ಗುಹೆಯೊಳಗಿಂದ ಬಂದಂತಾಗುತ್ತದೆ.

ಇನ್ನು ಕೊಡಗಿನ ಪಾಡು. ಕಕ್ಕಡ ತಿಂಗಳ (ಕೊಡಗಿನಲ್ಲಿ ಮಳೆ ಜೋರಾಗುವ ತಿಂಗಳು) ಮಳೆ ಶೀಟಿನ ಮಾಡಿಗೆ ಹೊಡೆಯುವಾಗ ಮೊದಲು ಮುಳುಗುವುದು ತಗ್ಗಿನ ದನಿಯೇ. ವಾಲ್ಯೂಮ್ ಏರಿಸಿದರೆ ಹಿನ್ನೆಲೆ ಸಂಗೀತ ಕಿವಿಗೆ ಬಡಿಯುತ್ತದೆ. ನೈಟ್ ಮೋಡ್ ಹಾಕಿದರೆ ಪಿಸುಮಾತೂ ಕೂಗೂ ಒಂದೇ ಮಟ್ಟಕ್ಕೆ ಬರುತ್ತವೆ. ಕಿವಿ ಮುಚ್ಚುವ ಹೆಡ್‌ಫೋನೇ ಸರಿ. ಆ ಕಾಲದ ಬೀದಿಮಾತು ಹಿಡಿಯಲು ಇಂಗ್ಲಿಷ್ ಸಬ್‌ಟೈಟಲ್ ಇಟ್ಟುಕೊಳ್ಳುವುದರಲ್ಲಿ ಸಂಕೋಚ ಬೇಡ.

ಮರ ಬಿದ್ದು ಕರೆಂಟ್ ಹೋದರೆ ಇನ್ವರ್ಟರ್ ಮೇಲೆ ನೋಡಬಹುದು. 43 ಇಂಚಿನ ಎಲ್‌ಇಡಿ ಟಿವಿ, ಪ್ಲೇಯರ್ ಸೇರಿ 150 ವಾಟ್ ಎಂದು ಹಿಡಿದರೆ ಎರಡು ಗಂಟೆಗೆ 300 ವಾಟ್-ಅವರ್. ಇನ್ವರ್ಟರಿನ ನಷ್ಟ ಸೇರಿ, ಸುಸ್ಥಿತಿಯ 150 ಎಎಚ್ ಬ್ಯಾಟರಿಯಿಂದ ಸುಮಾರು 30 ಎಎಚ್ ಖರ್ಚು. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಸ್ಪೀಕರಿನಲ್ಲಿ ಗುಂಯ್‌ಗುಡುವ ಸದ್ದು ಸೇರುವುದುಂಟು, ಸೈನ್ ವೇವ್ ಇರಲಿ.

ಮಡಿಕೇರಿ, ಭಾಗಮಂಡಲ ಕಡೆಯ ತೇವಕ್ಕೆ ಬೂಷ್ಟು ಮೊದಲು ಹಿಡಿಯುವುದು ಡಬ್ಬಿಯೊಳಗಿನ ಕಾಗದಕ್ಕೆ, ಅಲ್ಲಿಂದ ಡಿಸ್ಕಿನ ಮೈಗೆ. ಹೊರಗೋಡೆಗೆ ತಾಗಿದ ಕಪಾಟು ಬೇಡ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ನೀಲಿ ಹರಳು ಗುಲಾಬಿಗೆ ತಿರುಗಿದರೆ ಅದರ ಕೆಲಸ ಮುಗಿಯಿತು, ಒಣಗಿಸಬೇಕು. ಸೌದೆ ಒಲೆಯ ಹೊಗೆ ಬರುವ ಕೋಣೆಯಲ್ಲಿ ಪ್ಲೇಯರ್ ಇಟ್ಟರೆ ಲೆನ್ಸಿಗೆ ಮಸಿ ಕೂರುತ್ತದೆ, ಒಳ್ಳೆಯ ಡಿಸ್ಕೂ ತಡವರಿಸುತ್ತದೆ. ಥಂಡಿ ದಿನಗಳಲ್ಲಿ ಪ್ಲೇಯರನ್ನು ಹದಿನೈದು ನಿಮಿಷ ಮೊದಲೇ ಆನ್ ಮಾಡಿದರೆ ಲೆನ್ಸಿನ ಮೇಲಿನ ಹನಿ ಆರುತ್ತದೆ. ಡಿಸ್ಕ್ ಒರೆಸುವಾಗ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ನೀರಿಗೆ ಬೆರೆಸಿ, ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಎಳೆಯಿರಿ. ಸುತ್ತುಸುತ್ತಾಗಿ ಒರೆಸಿದರೆ ಬೀಳುವ ಗೀರು ಡೇಟಾ ಸಾಲಿನುದ್ದಕ್ಕೂ ಹೋಗುತ್ತದೆ, ಪ್ಲೇಯರಿಗೆ ಅದನ್ನು ಸರಿದೂಗಿಸುವುದು ಕಷ್ಟ.